ಮೊಣಕಾಲಿಗಿಂತ ಮೊದಲು ಹಿಮ್ಮಡಿ ನೋಡ್ತೀನಿ

ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಬರುವ ಹಿರಿಯರು ಸಾಮಾನ್ಯವಾಗಿ ಮೊಣಕಾಲು ಹಿಡಿದುಕೊಂಡೇ ಮಾತು ಶುರು ಮಾಡುತ್ತಾರೆ. ನನ್ನ ಕಣ್ಣು ಹೋಗುವುದು ಹಿಮ್ಮಡಿಗೆ. ಹಿಂದಿನ ಕಾಲು ನೆಲ ಬಿಡುವಾಗ ಹಿಮ್ಮಡಿ ಎದ್ದು, ಬೆರಳ ಬುಡ ನೆಲ ಒತ್ತಿ ಮೈಯನ್ನು ಮುಂದಕ್ಕೆ ದೂಡಬೇಕು. ದೂಡುವುದು ಮೀನಖಂಡ. ವಯಸ್ಸಾದಂತೆ ಆ ಒತ್ತು ಕುಗ್ಗುತ್ತದೆ, ಅದರ ಪಾಲಿನ ಕೆಲಸ ಸೊಂಟದ ಸ್ನಾಯುಗಳ ಮೇಲೆ ಬೀಳುತ್ತದೆ. ಹೆಜ್ಜೆಯ ಲಯ ಅಷ್ಟೇನೂ ಬದಲಾಗದು, ಹೆಜ್ಜೆ ಗಿಡ್ಡವಾಗುತ್ತದೆ. ಹರೆಯದಲ್ಲಿ ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುವುದು ನಡಿಗೆಯ ಶೇ. 20ರಷ್ಟು ಹೊತ್ತು, ಮುಪ್ಪಿನಲ್ಲಿ ಅದೂ ಹೆಚ್ಚುತ್ತದೆ.

ಇದನ್ನು ನೋಡಲು ಯಂತ್ರ ಬೇಡ, ನಮ್ಮ ಕಡೆ ಶಹಾಬಾದ್ ಪರಸಿ, ಅಂದರೆ ಹಾಸುಗಲ್ಲಿನ ನೆಲ, ಇದೆಯಲ್ಲ! ಒದ್ದೆ ಬಟ್ಟೆಯಿಂದ ಅಂಗಾಲು ಒರೆಸಿ ನಡೆಸುತ್ತೇನೆ. ಬೂದು ಕಲ್ಲಿನ ಮೇಲೆ ಪಾದ ಕಪ್ಪಗೆ ಮೂಡುತ್ತದೆ. ಒಂದು ಹಿಮ್ಮಡಿಯಿಂದ ಇನ್ನೊಂದಕ್ಕೆ ಟೇಪು ಹಿಡಿದರೆ ಹೆಜ್ಜೆಯ ಉದ್ದ ಸಿಕ್ಕಿತು. ಹೆಬ್ಬೆರಳಿನ ಗುರುತು ತೆಳುವಾಗಿದ್ದರೆ ನನಗೆ ಮೀನಖಂಡದ ಮೇಲೇ ಅನುಮಾನ. ಫ್ಯಾನ್ ಬಂದ್ ಮಾಡಿರಬೇಕು, ಇಲ್ಲಿನ ಬೇಸಿಗೆಯಲ್ಲಿ ಟೇಪು ಬಿಚ್ಚುವುದರೊಳಗೆ ಗುರುತು ಆರಿರುತ್ತದೆ. ತೊಯ್ದ ಪರಸಿ ಜಾರುತ್ತದೆ, ಪಕ್ಕದಲ್ಲೊಬ್ಬರು ಇರಲೇಬೇಕು. ವೇಗವನ್ನೂ ನೋಡುತ್ತೇನೆ: 6 ಮೀಟರ್ ನಡೆಯಲು 6 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲದ ಕಡೆ ಗಮನ ಕೊಡಬೇಕು.

ಆಮೇಲೆ ಅಡುಗೆಮನೆ ಕಟ್ಟೆ ಹಿಡಿಸಿ ಹಿಮ್ಮಡಿ ಎತ್ತಿಸುವುದು. "ಇದರಾಗ ಏನೈತ್ರಿ, ಡಾಕ್ಟ್ರೇ?" ಅಂತ ನಗುತ್ತಾರೆ. ಏಳುವುದು ಎಲ್ಲರಿಗೂ ಬರುತ್ತದೆ, ಇಳಿಯುವಾಗ ಧೊಪ್ಪನೆ ಬೀಳುತ್ತಾರೆ. "ಮುತ್ಯಾ, ಸಾವಕಾಶ ಇಳೀರಿ, ಹಿಮ್ಮಡಿ ಸಪ್ಪಳ ಬರಬಾರ್ದು" ಅನ್ನುತ್ತಲೇ ಇರಬೇಕು. ಎರಡು ಕಾಲಲ್ಲಿ ಹಗುರಾದ ಮೇಲೆ ಒಂಟಿ ಕಾಲು. ಎಣ್ಣೆ ಮಾಲೀಶು, ಮೊಣಕಾಲು ಪಟ್ಟಿಗೆ ಸುರಿಯುವ ದುಡ್ಡು ನೋಡಿದರೆ ನನಗೆ ಸಿಟ್ಟೇ ಬರುತ್ತದೆ; ಈ ಬಿಟ್ಟಿ ವ್ಯಾಯಾಮ ಮಾಡಿಸಲು ಮನೆಮಂದಿಗೆ ಪುರಸೊತ್ತಿಲ್ಲ.

ನಮ್ಮೂರಿನ ‘ಅಪ್ಪನ ಕೆರೆ’ಯ ದಂಡೆಯಲ್ಲಿ ಈ ಹಿರಿಯರ ಜೊತೆಗೆ ನಡೆಯುವಾಗ ಬೇಕೆಂತಲೇ ಮಾತಿಗೆ ಎಳೆಯುತ್ತೇನೆ. ಉತ್ತರ ಕೊಡಲು ನಿಂತುಬಿಡುವವರು ಬೀಳುವ ಸಾಧ್ಯತೆ ಹೆಚ್ಚು ಅಂತ 1997ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದ್ದರು. ಅಂಥವರಿಗೆ ದಾರಿಯಲ್ಲಿ ಮಾತು ಬೇಡ, ಕಟ್ಟೆಗೆ ಕೂತ ಮೇಲೇ ಹರಟೆ. ಕಾಲಲ್ಲಿ ಹವಾಯಿ ಚಪ್ಪಲಿ ಇದ್ದರೆ ಅದನ್ನೂ ಬದಲಾಯಿಸಿ, ಹಿಂದೆ ಪಟ್ಟಿ ಇರುವುದನ್ನು ತರಲು ಮಗನಿಗೆ ಹೇಳುತ್ತೇನೆ.