ಕ್ಯಾಮೆರಾ ಮೆಮೊರಿ ಕಾರ್ಡ್ ಬೇಗ ಹೋಗ್ತಿದ್ಯಾ?

ಬಾಗಿಲ ಹತ್ರದ ಸಿಸಿಟಿವಿಗೆ ಮಾಮೂಲಿ ಕಾರ್ಡ್ ಹಾಕಿದ್ದೆ, ಎಂಟೇ ತಿಂಗಳಿಗೆ ಕೆಟ್ಟೋಯ್ತು, ಫಾರ್ಮ್ಯಾಟ್ ಕೊಟ್ರೂ ಹಳೇ ವಿಡಿಯೋ ಹಂಗೇ ಕೂತಿರೋದು. ಕಾರ್ಡ್ ಒಳಗೆ ಡೇಟಾ ಹಿಡಿದಿಡೋ ಫ್ಲಾಶ್ ಸೆಲ್‌ಗಳನ್ನ ಇಂತಿಷ್ಟು ಸಲ ಮಾತ್ರ ಅಳಿಸಿ ಬರೆಯೋಕಾಗೋದು, ಕ್ಯಾಮೆರಾ ಹಗಲು ರಾತ್ರಿ ಬರೀತಾನೇ ಇರುತ್ತಲ್ಲ, ಸವೆದೋಗುತ್ತೆ. ಅದಕ್ಕೆ ಹೈ ಎಂಡ್ಯೂರೆನ್ಸ್ (ಜಾಸ್ತಿ ಸಲ ಬರೆದ್ರೂ ತಾಳೋದು) ಅಂತ ಬರೆದಿರೋದನ್ನೇ ತಗೊಳ್ಳಿ, ಕ್ಯಾಮೆರಾ ಸಪೋರ್ಟ್ ಮಾಡೋದಾದ್ರೆ 32 ಜಿಬಿ ಬದಲು 128 ಹಾಕಿ, ಅದೇ ರೆಕಾರ್ಡಿಂಗು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗಿ ಸವೆತ ಕಮ್ಮಿ ಆಗುತ್ತೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ತಗೊಂಡ್ರೂ ಆನ್‌ಲೈನಲ್ಲಿ ತಗೊಂಡ್ರೂ ಮೊದಲು ಕಂಪ್ಯೂಟರಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ (H2testw) ಅನ್ನೋ ಕಾರ್ಡ್ ಪರೀಕ್ಷೆ ಮಾಡೋ ಸಾಫ್ಟ್‌ವೇರ್ ಓಡ್ಸಿ, ಬರೆದಿರೋದಕ್ಕಿಂತ ಕಮ್ಮಿ ಜಾಗ ಇರೋ ಡೂಪ್ಲಿಕೇಟ್ ಆಗಿದ್ರೆ ಗೊತ್ತಾಗುತ್ತೆ. ಮಳೆ ಬಂದಾಗ ಕರೆಂಟ್ ಹೋಗಿ ಬಂದು ಮಾಡುತ್ತಲ್ಲ, ಬರೀತಿರೋವಾಗ ಪವರ್ ಕಟ್ ಆದ್ರೆ ಫೈಲ್‌ಗಳು ಹಾಳಾಗ್ತವೆ, ಕ್ಯಾಮೆರಾನ ಯುಪಿಎಸ್ ಲೈನಿಗೆ ಹಾಕ್ಸಿ. ಹಾಂ, ಮದುವೆ ಫೋಟೋ ಇರೋ ಪೆನ್‌ಡ್ರೈವ್‌ನ ಬೀರುವಲ್ಲಿಟ್ಟು ಮರೀಬೇಡಿ ಪ್ಲೀಸ್, ಅದರಲ್ಲೂ ಇದೇ ಫ್ಲಾಶ್ ಸೆಲ್‌ಗಳೇ ಇರೋದು, ವರ್ಷಗಟ್ಟಲೆ ಸುಮ್ನೆ ಬಿದ್ದಿದ್ರೆ ಡೇಟಾನ ಹಿಡಿದಿಟ್ಟಿರೋ ಚಾರ್ಜ್ ಸೆಲ್‌ನಿಂದ ಸೋರಿಹೋಗಬಹುದು, ಹಾರ್ಡ್‌ಡಿಸ್ಕಲ್ಲಿ ಇನ್ನೊಂದು ಕಾಪಿ ಇಡಿ.