ಬೀಗ ಹಾಕಿದ ಊರ ಮನೆಯ ಒಳಗೋಡೆ

ಹಬ್ಬಕ್ಕೂ ಬೇಸಿಗೆ ರಜೆಗೂ ಮಾತ್ರ ಮಂಡ್ಯದ ಕಡೆಯ ಊರ ಮನೆಯ ಬೀಗ ತೆಗೆಯುವ ಮಕ್ಕಳು, ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ತರುವ ಸಾಮಾನನ್ನೇ ಈ ಮನೆಯ ಗೋಡೆಗೂ ತರುವುದನ್ನು ಕಂಡು ನನಗೆ ರೇಜಿಗೆ ಹತ್ತಿದೆ. ದಿನವೂ ಕಿಟಕಿ ತೆರೆದು ಒಲೆ ಉರಿಯುವ ಮನೆಗೆ ಏನು ಹಚ್ಚಿದರೂ ನಡೆದೀತು. ತಿಂಗಳುಗಟ್ಟಲೆ ಮುಚ್ಚಿರುವ ಮನೆಯಲ್ಲಿ ಹಾಗಲ್ಲ; ನಾಲೆಗೆ ನೀರು ಬಿಟ್ಟು ಗದ್ದೆಗಳು ತುಂಬಿದಾಗ ನೆಲದ ಪಸೆ ಗೋಡೆಯ ಬುಡದಿಂದ ಮೇಲೇರುತ್ತದೆ, ಹಸ್ತ ಚಿತ್ತೆ ಮಳೆಗಳು ಹೊರಗಿನಿಂದ ನೆನೆಸುತ್ತವೆ, ಒಣಗಿಸಲು ಒಳಗೆ ಗಾಳಿಯೂ ಇಲ್ಲ, ಬೆಂಕಿಯೂ ಇಲ್ಲ.

ಅಂತಹ ಗೋಡೆಗೆ ಎಣ್ಣೆಬಣ್ಣ ಬಳಿದರೆ ನೀರು ಒಳಗೇ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಗುಳ್ಳೆಯನ್ನು ಬೆರಳಿನಿಂದ ಒತ್ತಿದರೆ ಒಡೆದು ಬಿಳಿಯ ಉಪ್ಪು ಉದುರುತ್ತದೆ. ಜಿಪ್ಸಮ್ ಬೋರ್ಡು ನೀರು ಕುಡಿದು ಮೆತ್ತಗಾಗುತ್ತದೆ, ಅದರ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಪ್ಲೈವುಡ್ ಹೊಡೆಸಿದರಂತೂ ಹಿಂದಿನ ಸಂದಿಯಲ್ಲಿ ಗೆದ್ದಲು ಸಂಸಾರ ಹೂಡಿರುವುದು ಹಲಗೆ ಪೊಳ್ಳಾದ ಮೇಲೆಯೇ ತಿಳಿಯುತ್ತದೆ. ವಾಲ್‌ಪೇಪರಿನ ಮಾತನ್ನು ನನ್ನ ಮುಂದೆ ಎತ್ತಲೇಬೇಡಿ. ಹಳೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಗಾರೆ ಮೆತ್ತಿಸಿದರೆ ಅದು ಗೋಡೆಯನ್ನು ಹಿಡಿಯದೆ ಹಕ್ಕಳೆ ಹಕ್ಕಳೆಯಾಗಿ ಕಳಚಿ ಬೀಳುತ್ತದೆ. ಮಣ್ಣಿನ ಗೋಡೆಗೆ ಮಣ್ಣಿನದೋ ಸುಣ್ಣದ್ದೋ ಗಾರೆ, ಇಟ್ಟಿಗೆಯ ಗೋಡೆಗೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣ. ಸುಣ್ಣ ಪಸೆಯನ್ನು ತಡೆಯದೆ ಆಚೆಗೆ ಬಿಡುತ್ತದೆ, ಅದರ ಖಾರಕ್ಕೆ ಬೂಷ್ಟೂ ಸುಲಭವಾಗಿ ಹತ್ತುವುದಿಲ್ಲ.

ಆದರೆ ಅಂಗಡಿಯ ಪುಡಿಸುಣ್ಣವನ್ನು ಬಕೆಟ್ಟಿಗೆ ಸುರಿದು, ಕೋಲಿನಲ್ಲಿ ಕಲಕಿ, ಆಗಲೇ ಬಳಿದು, ಮರುದಿನ ಬೆನ್ನಿಗೆಲ್ಲ ಅಂಟಿತೆಂದು ಗೊಣಗುವವರಿಗೆ ನಾನೇನು ಹೇಳಲಿ? ಚೆನ್ನಾಗಿ ಸುಟ್ಟ ಸುಣ್ಣದ ಕಲ್ಲನ್ನೇ ತನ್ನಿ. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ತುಂಬಿ, ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಅದರೊಳಗೆ ಬಿಡಬೇಕೇ ಹೊರತು ಕಲ್ಲಿನ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿದು ಮುಖಕ್ಕೆ ಸಿಡಿದರೆ ಕಣ್ಣೇ ಹೋದೀತು. ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ. ಅಲ್ಯೂಮಿನಿಯಮ್ ಪಾತ್ರೆಯನ್ನು ಸುಣ್ಣ ತಿಂದುಹಾಕುತ್ತದೆ, ಅದನ್ನು ಹತ್ತಿರ ತರಬೇಡಿ. ಅರಳಿದ ಸುಣ್ಣದ ಮೇಲೆ ಸದಾ ನಾಲ್ಕು ಬೆರಳು ನೀರು ನಿಂತಿರುವಂತೆ ನೋಡಿಕೊಂಡು ಹದಿನೈದು ದಿನವಾದರೂ ನೆನೆಯಲು ಬಿಡಿ. ನಮ್ಮ ಅತ್ತೆಯವರು ಅದನ್ನು ಮಾವನವರ ಹಳೆಯ ಪಂಚೆಯಲ್ಲಿ ಎರಡು ಸಲ ಸೋಸುತ್ತಿದ್ದರು, ಬೆರಳ ಸಂದಿಯಲ್ಲಿ ಉಜ್ಜಿದಾಗ ಒಂದು ಹರಳು ಸಿಕ್ಕರೂ ನಮ್ಮನ್ನು ಮತ್ತೆ ಸೋಸಲು ಕೂರಿಸುತ್ತಿದ್ದರು. ಸೋಸಿದ ಮೇಲೆ ಬಿಸಿನೀರಿನಲ್ಲಿ ಕರಗಿಸಿದ ಗೋಂದನ್ನು ಹದವರಿತು ಬೆರೆಸಿ. ಗಂಜಿ ಬೇಡ, ಮುಚ್ಚಿದ ಮನೆಯಲ್ಲಿ ಅದು ಹುಳುವಿಗೆ ಊಟವಾಗುತ್ತದೆ. ಉಪ್ಪೂ ಬೇಡ, ಗಾಳಿಯ ತೇವವನ್ನು ಅದು ಎಳೆದುಕೊಳ್ಳುತ್ತದೆ.

ನೀರುಮಜ್ಜಿಗೆಯಷ್ಟು ತೆಳ್ಳಗಿರಲಿ. ಹಳೆಯ ಎಣ್ಣೆಬಣ್ಣವಿದ್ದರೆ ಪೂರ್ತಿ ಕೆರೆದು ತೆಗೆಯದೆ ಸುಣ್ಣ ಹಿಡಿಯುವುದಿಲ್ಲ. ಗೋಡೆಗೆ ನೀರು ಚಿಮುಕಿಸಿ, ಕತ್ತಾಳೆ ನಾರಿನ ಕುಂಚದಿಂದ ಮೊದಲ ಸಲ ಅಡ್ಡಡ್ಡ, ಮರುದಿನ ಉದ್ದುದ್ದ, ಮೂರನೆಯ ಸಲ ಮತ್ತೆ ಅಡ್ಡಡ್ಡ ಬಳಿಯಿರಿ. ಬಳಿದ ಕೂಡಲೇ ಗೋಡೆ ಬೆಳ್ಳಗೆ ಕಾಣಲಿಲ್ಲವೆಂದು ಗಟ್ಟಿಯಾಗಿ ಬಳಿಯುವುದೇ ಈಗಿನವರ ಆತುರ. ಸುಣ್ಣ ಬೆಳ್ಳಗಾಗುವುದು ಒಣಗುತ್ತಾ ಹೋದಂತೆ. ಮಳೆ ನಿಂತು ಗೋಡೆ ಆರಿದ ಮೇಲೆ, ಬಿಸಿಲು ಏರುವ ಮೊದಲು, ಸಂಕ್ರಾಂತಿಯ ಆಸುಪಾಸಿನಲ್ಲಿ ಈ ಕೆಲಸ ಮುಗಿಯಬೇಕು.

ಬೀಗ ಹಾಕುವ ಮುನ್ನ ಬೀರು, ಮಂಚಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡಿ. ಬಿಸಿಲು ಕಾಣದ ಹಾಸಿಗೆಯನ್ನು ಸುತ್ತಿಟ್ಟು ಹೋಗಿ, ಬಂದ ರಾತ್ರಿ ಮುಗ್ಗುಲು ವಾಸನೆಯೆಂದು ಮೂಗು ಮುಚ್ಚಿಕೊಳ್ಳುವ ಸೊಸೆಯಂದಿರಿಗೂ ಇದನ್ನೇ ಹೇಳುತ್ತೇನೆ, ಹಾಸಿಗೆಯನ್ನು ಕಾಯಿಸಿ ಹಲಗೆಯ ಮೇಲಿಡಿ. ಗವಾಕ್ಷಿಗಳಿಗೆ ಗಾಜು ಕೂರಿಸಬೇಡಿ, ಇಲಿ ನುಗ್ಗದಷ್ಟು ಸಣ್ಣ ಕಣ್ಣಿನ ತಂತಿ ಬಲೆ ಹೊಡೆಸಿದರೆ ಸಾಕು.