ನನ್ನ ಸಂಶೋಧನೆಯನ್ನು ಯಾರು, ಯಾಕೆ ಉಲ್ಲೇಖಿಸಿದರು?

ನನ್ನ ಕೆಲಸ ರಕ್ತನಾಳಗಳ ಮೇಲೆ. ಅದರಲ್ಲೂ ಹೃದಯದಿಂದ ದೂರ ಇರುವ ಸಣ್ಣ ಅಪಧಮನಿಗಳ ಮೇಲೆ. ನಾಳದ ಅಡ್ಡಳತೆ ಅರ್ಧಕ್ಕೆ ಇಳಿದರೆ ರಕ್ತದ ಹರಿವಿಗೆ ಅಡ್ಡಿ 16 ಪಟ್ಟು ಏರುತ್ತದೆ. ಈ ಲೆಕ್ಕವೇ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು.

ನಾವು ಬಳಸುವುದು ವೈರ್ ಮಯೋಗ್ರಾಫ್, ಅಂದರೆ ನಾಳದ ತುಂಡು ಎಷ್ಟು ಬಿಗಿಯಾಗುತ್ತದೆ ಅಂತ ಅಳೆಯುವ ಸಾಧನ. ಮುಲ್ವನಿ ಮತ್ತು ಹಾಲ್ಪರ್ನ್ 1977ರಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ಅದರ ಬುನಾದಿ. ಇಲಿಯ ಕರುಳಿಗೆ ರಕ್ತ ಒಯ್ಯುವ ನಾಳದಿಂದ ಎರಡು ಮಿಲಿಮೀಟರಿನಷ್ಟು ತುಂಡು ತೆಗೆಯುತ್ತೇವೆ. ಸುತ್ತಲಿನ ಕೊಬ್ಬನ್ನು ಮೈಕ್ರೋಸ್ಕೋಪಿನ ಕೆಳಗೆ ಬಿಡಿಸಿ, ಒಳಗೆ 40 ಮೈಕ್ರೋಮೀಟರ್ ದಪ್ಪದ ಎರಡು ತಂತಿ ತೂರಿಸಬೇಕು. ಆಮೇಲೆ 37 ಡಿಗ್ರಿಯ ದ್ರಾವಣದಲ್ಲಿ ಅದನ್ನು ನಿಧಾನವಾಗಿ ಹಿಗ್ಗಿಸುತ್ತಾ ಹೋಗುತ್ತೇವೆ. 100 ಮಿ.ಮೀ. ಪಾದರಸದ ಒತ್ತಡದಲ್ಲಿ ನಾಳಕ್ಕೆ ಇರುವ ಸುತ್ತಳತೆಯ 90%ಗೆ ತಂದು ನಿಲ್ಲಿಸುವುದು ರೂಢಿ. ಫಿನೈಲೆಫ್ರಿನ್ ಹಾಕಿದರೆ ನಾಳ ಬಿಗಿಯಾಗುತ್ತದೆ. ಅದರ ಮೇಲೆ ಅಸಿಟೈಲ್‌ಕೋಲಿನ್ ಹಾಕಿದರೆ ಸಡಿಲವಾಗಬೇಕು. ಆಗಲಿಲ್ಲ ಅಂದ್ರೆ ತಂತಿ ತೂರಿಸುವಾಗ ಒಳಪದರ, ಅಂದರೆ ಎಂಡೋಥೀಲಿಯಂ, ಉಜ್ಜಿಹೋಗಿರಬಹುದು.

ಇದೇ ಉಜ್ಜುವಿಕೆಯ ಹಿಂದೆ ನಮ್ಮ ಕ್ಷೇತ್ರದ ಬಹು ದೊಡ್ಡ ಕಥೆ ಇದೆ. ಮೊಲದ ಮಹಾಪಧಮನಿಯ ಪಟ್ಟಿಗಳಿಗೆ ಅಸಿಟೈಲ್‌ಕೋಲಿನ್ ಹಾಕಿದರೆ ಅವು ಬಿಗಿಯಾಗುತ್ತವೆ ಅಂತ ರಾಬರ್ಟ್ ಫರ್ಚ್‌ಗಾಟ್ ಮೊದಲು ನೋಡಿದ್ದರು. ಮುಂದೆ ಉಂಗುರಗಳನ್ನು ಬಳಸಿದಾಗ ಅವು ಸಡಿಲವಾದವು. ಪಟ್ಟಿ ಮಾಡುವಾಗ ಒಳಪದರ ಉಜ್ಜಿಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ. 1980ರಲ್ಲಿ ಜವಾಡ್ಸ್ಕಿ ಜೊತೆ ಅವರು ಪ್ರಕಟಿಸಿದ ಆ ಪ್ರಬಂಧದಿಂದ ಹೊರಟ ದಾರಿ, ಒಳಪದರ ತಯಾರಿಸುವ ಮತ್ತು ನಾಳವನ್ನು ಸಡಿಲಿಸುವ ಅನಿಲವಾದ ನೈಟ್ರಿಕ್ ಆಕ್ಸೈಡ್‌ಗೆ, 1998ರ ನೊಬೆಲ್‌ಗೆ ತಲುಪಿತು. ಅಂಗಾಂಶವನ್ನು ಹೇಗೆ ಹಿಡಿದೆವು ಎಂಬುದೂ ಫಲಿತಾಂಶದ ಭಾಗ. ವಿದ್ಯಾರ್ಥಿಗಳಿಗೆ ನಾನು ಮೊದಲ ದಿನವೇ ಹೇಳುವುದು ಇದನ್ನು.

ಈಗ ಸೈಟೇಶನ್, ಅಂದರೆ ಬೇರೆಯವರು ತಮ್ಮ ಪ್ರಬಂಧದಲ್ಲಿ ನಮ್ಮದನ್ನು ಉಲ್ಲೇಖಿಸುವ ವಿಷಯಕ್ಕೆ ಬರುತ್ತೇನೆ. ಬಡ್ತಿಗೆ, ಅನುದಾನಕ್ಕೆ ಎಲ್ಲರೂ ಎಚ್-ಇಂಡೆಕ್ಸ್ ಕೇಳುತ್ತಾರೆ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಕೊಟ್ಟ ಲೆಕ್ಕ ಅದು. ಕನಿಷ್ಠ 20 ಸಲ ಉಲ್ಲೇಖವಾದ 20 ಪ್ರಬಂಧಗಳಿದ್ದರೆ ನಿಮ್ಮ ಅಂಕ 20. ಗೂಗಲ್ ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್‌ಗಳನ್ನೂ ಎಣಿಸುವುದರಿಂದ ಅಲ್ಲಿ ಅಂಕ ಸಾಮಾನ್ಯವಾಗಿ ಜಾಸ್ತಿ. ಸ್ಕೋಪಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಕಡಿಮೆ. ವಯಸ್ಸಾದಂತೆ ಈ ಅಂಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಒಬ್ಬರ ಕೆಲಸವನ್ನು ತೂಗಲು ಇದೊಂದೇ ಸಾಕು ಅಂತ ನಾನು ಒಪ್ಪುವುದಿಲ್ಲ.

ಅದಕ್ಕೇ ನನ್ನ ಪ್ರಬಂಧಗಳನ್ನು ಉಲ್ಲೇಖಿಸಿದವರ ಪ್ರಬಂಧಗಳನ್ನು ತೆರೆದು ಓದಲು ಕುಳಿತೆ. ನನ್ನ ಹೆಸರು ಬಂದ ವಾಕ್ಯವನ್ನೇ ಹುಡುಕಿ ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಟ್ಟೆ. ಪಕ್ಕದಲ್ಲೊಂದು ಗುರುತು: ಪೀಠಿಕೆಯಲ್ಲಿ ಸುಮ್ನೆ ಹೆಸರಿಸಿದ್ದಾರಾ, ವಿಧಾನವನ್ನು ಬಳಸಿದ್ದಾರಾ, ಫಲಿತಾಂಶವನ್ನು ಪರೀಕ್ಷಿಸಿದ್ದಾರಾ, ಒಪ್ಪಿಲ್ಲವಾ. ಬೇಸರದ ಕೆಲಸ, ನಿಜ. ಆದರೆ ಚಿತ್ರ ಬಹಳ ಸ್ಪಷ್ಟವಾಯಿತು. ನನ್ನ ವಿಮರ್ಶಾ ಲೇಖನಕ್ಕೆ ಸೈಟೇಶನ್ ಬೇಗ ಬಂದಿತ್ತು. ಬಹುಪಾಲು ಪೀಠಿಕೆಯ ಮೊದಲ ಸಾಲಿನಲ್ಲೇ. ನಾಳ ಹಾಳಾಗದಂತೆ ತಂತಿ ತೂರಿಸುವ ಬಗ್ಗೆ ಬರೆದ ಪುಟ್ಟ ವಿಧಾನ ಪ್ರಬಂಧದ ಗತಿ ನಿಧಾನ. ಆದರೆ ಅದನ್ನು ಉಲ್ಲೇಖಿಸಿದವರು ಅದರಂತೆ ಮಾಡಿ ನೋಡಿದ್ದರು! ವಿಧಾನ ಹೇಳುವ ಪ್ರಬಂಧಗಳಿಗೆ ಹಿಂದಿನಿಂದಲೂ ಇಂಥ ಬಾಳಿಕೆ ಇದೆ. ಪ್ರೋಟೀನ್ ಅಳೆಯುವ ಬಗೆ ಹೇಳಿದ ಲೌರಿಯವರ 1951ರ ಪ್ರಬಂಧ ವಿಜ್ಞಾನದಲ್ಲೇ ಅತಿ ಹೆಚ್ಚು ಉಲ್ಲೇಖವಾದದ್ದು.

ಅಲ್ಲಿಂದ ಮುಂದೆ ವಿಧಾನದ ಭಾಗವನ್ನು ಚಿಕ್ಕದು ಮಾಡುವ ಗೋಜಿಗೇ ಹೋಗಲಿಲ್ಲ. ಇಲಿಯ ವಯಸ್ಸು, ಲಿಂಗ, ನಾಳ ಎಷ್ಟನೇ ಕವಲಿನದು, ಅದರ ಅಡ್ಡಳತೆ ಎಷ್ಟು, ಯಾವ ತುಂಡುಗಳನ್ನು ಯಾಕೆ ಕೈಬಿಟ್ಟೆವು, ಎಲ್ಲವನ್ನೂ ಬರೆಯುತ್ತೇವೆ. ಮೂಲ ದತ್ತಾಂಶವನ್ನೂ ಜೊತೆಗೆ ಹಾಕುತ್ತೇವೆ. ಅರ್ಜಿಗಳಲ್ಲಿ ಎಚ್-ಇಂಡೆಕ್ಸ್ ಕೇಳಿದರೆ ಕೊಡುತ್ತೇನೆ. ಅದರ ಕೆಳಗೆ ಮೂರು ಪ್ರಬಂಧಗಳನ್ನು ಹೆಸರಿಸಿ, ಅವುಗಳಿಂದ ಯಾರು ಏನು ಮಾಡಿದರು ಅಂತ ಬರೆಯುತ್ತೇನೆ.

ನನಗೆ ಅತಿ ಹೆಚ್ಚು ಉಪಯೋಗವಾದ ಸೈಟೇಶನ್ ನನ್ನನ್ನು ಒಪ್ಪದವರದು. ನೈಟ್ರಿಕ್ ಆಕ್ಸೈಡ್ ತಯಾರಿಯನ್ನು ತಡೆದರೆ ನಾಳ ಸಡಿಲವಾಗುವುದು ಬಹುಪಾಲು ನಿಲ್ಲುತ್ತದೆ ಅಂತ ನಾವು ಬರೆದಿದ್ದೆವು. ತಮ್ಮ ನಾಳಗಳಲ್ಲಿ ಹಾಗೆ ಆಗಲಿಲ್ಲ ಅಂತ ಇನ್ನೊಂದು ಲ್ಯಾಬ್ ತೋರಿಸಿತು. ಅವರಿಗೆ ಪತ್ರ ಬರೆದೆ. ಇಬ್ಬರ ಪ್ರಬಂಧದಲ್ಲೂ ಅಡ್ಡಳತೆ ದಾಖಲಾಗಿತ್ತಲ್ವಾ, ಕಾರಣ ಅಲ್ಲೇ ಸಿಕ್ಕಿತು. ಅವರದು ಇನ್ನೂ ಸಣ್ಣ ಕವಲು. ನಾಳ ಸಣ್ಣದಾದಷ್ಟೂ ನೈಟ್ರಿಕ್ ಆಕ್ಸೈಡ್‌ನ ಪಾಲು ಕಡಿಮೆಯಾಗಿ, ಸ್ನಾಯುಕೋಶದ ವಿದ್ಯುತ್ ಸ್ಥಿತಿಯನ್ನು ಬದಲಿಸುವ ಇನ್ನೊಂದು ದಾರಿಯ ಪಾಲು ಹೆಚ್ಚುತ್ತದೆ. ಈಗ ಎರಡೂ ಲ್ಯಾಬ್ ಸೇರಿ ಒಂದೇ ಇಲಿಯ ದೊಡ್ಡ, ಸಣ್ಣ ಕವಲುಗಳನ್ನು ಅಕ್ಕಪಕ್ಕದಲ್ಲೇ ಅಳೆಯುತ್ತಿದ್ದೇವೆ.